ಸಿಂಗಾಪುರದಲ್ಲಿ 9 ಗಂಟೆ ಲೇಓವರ್, ಜೊತೆಗೆ ಅಪ್ಪ ಅಮ್ಮ. ಲೌಂಜಾ, ರೂಮಾ? ಅಪ್ಪಂಗೆ ಕಾಫಿ ಎಲ್ಲಿ?

ಸರಸ್ವತಿಪುರಂ:
ಎಲ್ರಿಗೂ ನಮಸ್ಕಾರ. ಬರೋ ತಿಂಗಳು ಅಪ್ಪ ಅಮ್ಮನ್ನ ಕರ್ಕೊಂಡು ಮೆಲ್ಬರ್ನ್‌ಗೆ ಹೊರಟಿದೀನಿ, ತಂಗಿ ಅಲ್ಲಿದಾಳೆ, ಅವಳ ಮಗೂಗೆ ಈಗ ಎರಡು ತಿಂಗಳು. ಅಪ್ಪಂಗೆ 71, ಅಮ್ಮಂಗೆ 66, ಇಬ್ರಿಗೂ ಇದೇ ಮೊದಲ ವಿದೇಶ ಪ್ರಯಾಣ. ಬೆಂಗಳೂರಿಂದ ರಾತ್ರಿ ಹೊರಟ್ರೆ ಬೆಳಿಗ್ಗೆ 6ರ ಹೊತ್ತಿಗೆ ಸಿಂಗಾಪುರ, ಮುಂದಿನ ಫ್ಲೈಟು ಮಧ್ಯಾಹ್ನ 3ಕ್ಕೆ. ನನ್ನ ಕ್ರೆಡಿಟ್ ಕಾರ್ಡಲ್ಲಿ ಲೌಂಜ್ ಇದೆ, ಅಲ್ಲೇ ಹೊತ್ತು ಕಳೆದುಬಿಡೋಣ ಅಂತಿದ್ದೆ, ಆದ್ರೆ ಅಮ್ಮಂಗೆ ಮಂಡಿನೋವು, ರಾತ್ರಿಯಿಡೀ ಸೀಟಲ್ಲಿ ಕಾಲು ಮಡಚ್ಕೊಂಡು ಕೂತು ಬಂದೋರನ್ನ ಮತ್ತೆ ಸೋಫಾದಲ್ಲಿ ಕೂರ್ಸೋದು ಸರೀನಾ ಅನ್ನೋ ಯೋಚನೆ. ಅಪ್ಪಂದು ಬೇರೆ, ಬೆಳಿಗ್ಗೆ ಎದ್ದ ಅರ್ಧ ಗಂಟೇಲಿ ಡಿಕಾಕ್ಷನ್ ಕಾಫಿ ಬೀಳ್ಲಿಲ್ಲ ಅಂದ್ರೆ ತಲೆನೋವು ಶುರು, ಆಮೇಲೆ ಇಡೀ ದಿನ ಮಾತಿಲ್ಲ. ಹೋಗಿ ಬಂದೋರು ದಯವಿಟ್ಟು ಹೇಳಿ. ಸಿಂಗಾಪುರ ಅಂತ ಅಲ್ಲ, ಬೇರೆ ಊರಿನ ಅನುಭವ ಇದ್ರೂ ಬರೀರಿ, ಲೌಂಜು ಹೋಟ್ಲು ಅಲ್ಲಿನ ಕಾಫಿ ಟೀ ಏನಿದ್ರೂ.

ಸುರತ್ಕಲ್_ಟು_ದೋಹಾ:
ಲೌಂಜ್ ಬೇಡ ಮಾರಾಯ್ರೆ, ರೂಮ್ ಮಾಡಿ. ನಾನು 14 ವರ್ಷದಿಂದ ಗಲ್ಫಲ್ಲಿ ಇದ್ದೇನೆ, ವರ್ಷಕ್ಕೆ ಎರಡು ಮೂರು ಸಲ ಓಡಾಟ ಉಂಟು. ಲೌಂಜ್ ಅನ್ನೋದು ಎರಡು ಮೂರು ಗಂಟೆಗೆ ಮಾಡಿದ ಜಾಗ. ಒಂದು ಸ್ನಾನ, ಒಂದು ಊಟ, ಫೋನ್ ಚಾರ್ಜ್, ಅಷ್ಟೇ. ಕಾರ್ಡಲ್ಲಿ ಒಳಗೆ ಬಿಡುವ ಲೌಂಜ್‌ಗಳಲ್ಲಿ ಹೆಚ್ಚಿನ ಕಡೆ 3 ಗಂಟೆ ಲಿಮಿಟ್, ಅದು ಮುಗಿದ ಮೇಲೆ ಎದ್ದು ಹೊರಗೆ ಬರ್ಬೇಕು ಇಲ್ಲಾ ಇನ್ನೊಂದು ವಿಸಿಟ್ ಅಂತ ಲೆಕ್ಕ. ಮತ್ತೊಂದು, ಕಾರ್ಡ್ ಇರುವುದು ನಿಮ್ಮ ಹೆಸರಲ್ಲಿ. ಅಪ್ಪ ಅಮ್ಮ ಗೆಸ್ಟ್ ಆಗ್ತಾರೆ, ಗೆಸ್ಟ್‌ಗೆ ತಲೆಗೆ ಇಷ್ಟು ಅಂತ ಡಾಲರಲ್ಲಿ ಬೀಳ್ತದೆ, ಅದರ ಮೇಲೆ ಜಿಎಸ್‌ಟಿ, ಅದು ತಿಂಗಳು ಬಿಟ್ಟು ಬಿಲ್ಲಲ್ಲಿ ಬರುವಾಗ ಗೊತ್ತಾಗೋದು.

ಎರಡು ವರ್ಷ ಹಿಂದೆ ನಮ್ಮ ಅಮ್ಮನನ್ನು ಕರ್ಕೊಂಡು ಹೋಗುವಾಗ ಹೀಗೇ ಲೌಂಜ್ ನಂಬಿಕೊಂಡಿದ್ದೆ. ಯಾವ ಊರು ಅಂತ ಹೇಳೋದಿಲ್ಲ. ಬಾಗಿಲಲ್ಲೇ ಜಾಗ ಫುಲ್, ಕಾರ್ಡಲ್ಲಿ ಬಂದವರು ಎರಡು ಗಂಟೆ ಬಿಟ್ಟು ಬನ್ನಿ ಅಂದ್ರು. ಎರಡು ಗಂಟೆ ಬಿಟ್ಟು ಹೋದ್ರೆ ಮತ್ತೂ ಅದೇ ಮಾತು. ಅಮ್ಮ ಆ ಕಬ್ಬಿಣದ ಕುರ್ಚಿಯಲ್ಲಿ ಏಳು ಗಂಟೆ ಕೂತ್ರು, ಮಂಗಳೂರಿಗೆ ಮುಟ್ಟುವಾಗ ಕಾಲು ಬಾತು ಚಪ್ಪಲಿಗೆ ಹೋಗ್ತಿರ್ಲಿಲ್ಲ. ನನಗೆ ಅದು ಈಗ ನೆನಪಾದ್ರೂ ಬೇಜಾರಾಗ್ತದೆ. ಒಂದು ರೂಮಿನ ದುಡ್ಡು ನೋಡ್ಲಿಕ್ಕೆ ಹೋಗಿ ಆದದ್ದು ಅದು.

ಗೋಕುಲರೋಡ್_ಹುಬ್ಬಳ್ಳಿ:
ಮೇಲಿನವ್ರು ಹೇಳಿದ್ದು ಖರೇ ಐತ್ರಿ. ನಾನೂ ಇದ ದಾರಿಲೆ ಸಿಡ್ನಿಗೆ ಹೋಗೇನಿ, ನಮ್ಮ ಮಾವನವರ ಜೋಡಿ. ಸಿಂಗಾಪುರದಾಗ ಇಮಿಗ್ರೇಶನ್ ದಾಟದ ಒಳಗ ಹೋಟೆಲ್ ಅದಾವ, ಟರ್ಮಿನಲ್ 1ರಾಗ ಏರೋಟೆಲ್, 2 ಮತ್ತ 3ರಾಗ ಅಂಬಾಸಡರ್ ಟ್ರಾನ್ಸಿಟ್ ಅಂತ. ದಿನದ ಲೆಕ್ಕ ಅಲ್ಲ, 6 ತಾಸಿನ ಲೆಕ್ಕದಾಗ ಕೊಡ್ತಾರ. ವೀಸಾ ಬ್ಯಾಡ, ಬ್ಯಾಗ್ ತಗಿಯೂದ ಬ್ಯಾಡ. ಆದ್ರ ಒಂದ ಟಿಕೀಟಿನ್ಯಾಗ ಮೆಲ್ಬರ್ನ್ ತನಕಾ ಬುಕ್ ಆಗಿರಬೇಕು, ಬೆಂಗಳೂರಾಗನ ಎರಡೂ ಬೋರ್ಡಿಂಗ್ ಪಾಸ್ ಇಸಗೊಂಡ ಬಿಡ್ರಿ. ಬೇರೆ ಬೇರೆ ಟಿಕೀಟ್ ಇದ್ರ ಬ್ಯಾಗ್ ತಗದು ಮತ್ತ ಹಾಕಬೇಕಾಗ್ತದ, ಆಗ ಕಥಿನ ಬ್ಯಾರೆ. ರೂಮ್ ಮೊದಲ ಬುಕ್ ಮಾಡ್ರಿ, ಮುಂಜಾನೆ 6ಕ್ಕ ಇಳಿಯೂ ಮಂದಿ ಭಾಳ, ಅಲ್ಲೇ ಹೋಗಿ ಕೇಳಿದ್ರ ಖಾಲಿ ಇಲ್ಲ ಅಂತಾರ.

ರೊಕ್ಕ ಖರ್ಚ ಮಾಡೂದ ಬ್ಯಾಡ ಅಂದ್ರ ಅಲ್ಲಿ ಪುಕ್ಕಟೆ ಮಲಗೂ ಕುರ್ಚಿ ಅದಾವ್ರಿ, ಸ್ನೂಜ್ ಲೌಂಜ್ ಅಂತ ಬೋರ್ಡ್ ಇರ್ತದ, ಕಾಲ ಚಾಚಬಹುದು. ನಾನೊಬ್ಬನ ಇದ್ದಾಗ ಅಲ್ಲೇ ಮಲಗೇನಿ, ಏನೂ ತೊಂದರಿ ಇಲ್ಲ. ಆದ್ರ ಎಸಿ ಭಾಳ ತಂಪ, ಶಾಲು ಸ್ವೆಟರ್ ಕೈಯಾಗಿನ ಬ್ಯಾಗಿನ್ಯಾಗ ಇರ್ಲಿ. ಹಿರಿಯರಿಗೆ ಮಾತ್ರ ಹಾಸಿಗಿನ ಬೇಕು.

ಸರಸ್ವತಿಪುರಂ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಟಿಕೆಟ್ ಒಂದೇ, ಮೆಲ್ಬರ್ನ್ ತನಕ. ರೂಮೇ ಮಾಡ್ತೀನಿ ಹಾಗಾದ್ರೆ. ಹೊರಗೆ ಊರು ತೋರಿಸ್ಬೋದಾ ಅಂತಲೂ ಅಪ್ಪ ಕೇಳ್ತಿದಾರೆ, ಆಸ್ಟ್ರೇಲಿಯಾ ವೀಸಾ ಬಂದಾಗಿದೆ.

ಸೆಂಗ್‌ಕಾಂಗ್_ಅಕ್ಕ:
ನಾನು ಸಿಂಗಾಪುರದಲ್ಲೇ ಇರೋದು, 11 ವರ್ಷ ಆಯ್ತು, ಮೂಲ ತುಮಕೂರು. ಹೊರಗೆ ಹೋಗೋ ವಿಷಯ ಮೊದಲು ಹೇಳ್ತೀನಿ. ಭಾರತದ ಪಾಸ್‌ಪೋರ್ಟಿಗೆ ಇಲ್ಲಿ ವೀಸಾ ಬೇಕು, ಆದ್ರೆ ಆಸ್ಟ್ರೇಲಿಯಾ, ಅಮೆರಿಕ, ಇಂಗ್ಲೆಂಡ್ ಥರದ ಕೆಲವು ದೇಶದ ವೀಸಾ ಇದ್ದು ಅಲ್ಲಿಗೆ ಹೋಗ್ತಾ ಬರ್ತಾ ಇದ್ರೆ 96 ಗಂಟೆ ವೀಸಾ ಇಲ್ಲದೆ ಇರೋಕೆ ಒಂದು ಅವಕಾಶ ಇದೆ. ಅದಕ್ಕೆ ಷರತ್ತುಗಳಿವೆ, ಕೊನೇ ಮಾತು ಇಮಿಗ್ರೇಶನ್ ಆಫೀಸರ್‌ದು, ಹೊರಡೋ ಮುಂಚೆ ಇಮಿಗ್ರೇಶನ್ ಇಲಾಖೆ ಸೈಟಲ್ಲಿ ಓದ್ಕೊಳ್ಳಿ. ಹೊರಗೆ ಬರೋರು ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬಬೇಕು, ಅದು ಫ್ರೀ, ದುಡ್ಡು ಕೇಳೋ ಸೈಟು ಬಂದ್ರೆ ಮುಚ್ಚಿಬಿಡಿ. ಏರ್‌ಪೋರ್ಟಿನವ್ರೇ ಎರಡೂವರೆ ಗಂಟೆ ಫ್ರೀ ಟೂರ್ ಕರ್ಕೊಂಡು ಹೋಗ್ತಾರೆ, ಐದೂವರೆ ಗಂಟೆ ಮೇಲೆ 24 ಗಂಟೆ ಒಳಗೆ ಲೇಓವರ್ ಇರೋರಿಗೆ. ಆದ್ರೆ ನಿಮ್ಮ ಅಮ್ಮಂಗೆ ಮಂಡಿನೋವು ಅಂದ್ರಿ, ರಾತ್ರಿ ನಿದ್ದೆ ಇಲ್ಲದೆ ಬಸ್ ಹತ್ತಿ ಇಳಿಯೋದು ನನಗೆ ಸರಿ ಕಾಣಲ್ಲ. ಟರ್ಮಿನಲ್ 3ರಲ್ಲಿ ಚಿಟ್ಟೆ ತೋಟ ಇದೆ, ಟ್ರಾನ್ಸಿಟ್ ಒಳಗೇನೇ, ಅಲ್ಲಿ ಅರ್ಧ ಗಂಟೆ ಕೂತ್ರೆ ಅವರಿಗೆ ಖುಷಿಯಾಗತ್ತೆ. 40 ಮೀಟರ್ ಜಲಪಾತ ಇರೋ ಜ್ಯುವೆಲ್ ಮಾಲ್ ಮಾತ್ರ ಇಮಿಗ್ರೇಶನ್ ಆಚೆ, ಟರ್ಮಿನಲ್ಲುಗಳ ನಡುವೆ ಓಡೋ ಸ್ಕೈಟ್ರೇನ್ ಕಿಟಕಿಯಿಂದ ಒಂದು ನೋಟ ಸಿಗತ್ತೆ.

ಈಗ ಕಾಫಿ. ಇದನ್ನ ಅಪ್ಪಂಗೆ ಕೂರಿಸ್ಕೊಂಡು ಓದಿ ಹೇಳಿ. ಇಲ್ಲಿ ಲೌಂಜಲ್ಲಿರೋ ಮೆಷಿನ್ ಕಾಪುಚೀನೋ ಕುಡಿಸ್ಬೇಡಿ, ಕೋಪಿ ಕುಡಿಸಿ. ಹಾಗೇ ಹೇಳೋದು, ಕೋಪಿ. ಹೈನಾನ್‌ನಿಂದ ಬಂದ ಚೀನಾದವ್ರು ಶುರು ಮಾಡಿದ ಅಂಗಡಿಗಳು ಇವು, ಕೋಪಿತಿಯಮ್ ಅಂತಾರೆ. ಬೀಜ ಹುರಿಯೋವಾಗಲೇ ಸಕ್ಕರೆ, ಮಾರ್ಗರೀನ್ ಹಾಕ್ತಾರೆ, ಕಪ್ಪಗೆ ಸುಟ್ಟ ಬೆಲ್ಲದ ವಾಸನೆ ಬರತ್ತೆ. ಆಮೇಲೆ ಉದ್ದ ಮೂತಿಯ ತಂಬಿಗೇಲಿ ಬಟ್ಟೆ ಚೀಲ ಇಟ್ಟು ಸೋಸ್ತಾರೆ, ನಮ್ಮಜ್ಜಿ ಬಟ್ಟೇಲಿ ಸೋಸ್ತಿದ್ರಲ್ಲ ಹಾಗೆ. ಬರೀ "ಕೋಪಿ" ಅಂದ್ರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಕೊಡ್ತಾರೆ, ತುಂಬಾ ಸಿಹಿ. "ಕೋಪಿ ಓ" ಅಂದ್ರೆ ಹಾಲಿಲ್ಲ, ಸಕ್ಕರೆ ಇದೆ. "ಕೋಪಿ ಸಿ" ಅಂದ್ರೆ ಇವ್ಯಾಪರೇಟೆಡ್ ಮಿಲ್ಕ್, ಇದೇ ನಮ್ಮ ರುಚಿಗೆ ಹತ್ತಿರ. ಹಿಂದೆ "ಸಿಯು ದಾಯ್" ಅಂತ ಸೇರಿಸಿದ್ರೆ ಸಕ್ಕರೆ ಕಮ್ಮಿ, "ಕೊಸೊಂಗ್" ಅಂದ್ರೆ ಸಕ್ಕರೇನೇ ಬೇಡ, ಮಲಯ್ ಭಾಷೇಲಿ ಖಾಲಿ ಅಂತ ಅರ್ಥ. "ಗಾವ್" ಅಂದ್ರೆ ಸ್ಟ್ರಾಂಗು. "ಪೆಂಗ್" ಅಂದ್ರೆ ಐಸು. ಅಪ್ಪಂಗೆ "ಕೋಪಿ ಸಿ ಗಾವ್ ಸಿಯು ದಾಯ್" ಅಂತ ಕೇಳಿ. ಟೀಗೂ ಇದೇ ಲೆಕ್ಕ, ಕೋಪಿ ಜಾಗದಲ್ಲಿ "ತೇ" ಅನ್ನಿ. ಶುಂಠಿ ಹಾಕಿದ್ದು ಬೇಕಂದ್ರೆ "ತೇ ಹಾಲಿಯ". ಜೊತೆಗೆ ಕಾಯಾ ಟೋಸ್ಟ್ ಕೊಡ್ತೀವಿ ಅಂತಾರೆ, ನೀವು ಮೊಟ್ಟೆ ತಿನ್ನೋರಲ್ಲದಿದ್ರೆ ಬೇಡ ಅನ್ನಿ, ಆ ಹಸಿರು ಜಾಮಲ್ಲಿ ತೆಂಗಿನಹಾಲಿನ ಜೊತೆ ಮೊಟ್ಟೆ ಇರತ್ತೆ. ಬೆಣ್ಣೆ ಟೋಸ್ಟ್ ಕೇಳಿ.

ಕೊಪ್ಪದ_ತೋಟ:
@ಸೆಂಗ್‌ಕಾಂಗ್_ಅಕ್ಕ ನಿಮ್ಮ ಬರಹ ಓದಿ ಬಾಯಲ್ಲಿ ನೀರು ಬಂತು. ನಾವು ಕಾಫಿ ಬೆಳೆಯೋರು, ಒಂದು ಮಾತು ಸೇರಿಸ್ತೀನಿ. ಸಿಂಗಾಪುರದ ಕೋಪಿಗೆ ಹೆಚ್ಚಾಗಿ ರೋಬಸ್ಟಾ ಜಾತಿಯ ಬೀಜ ಬಳಸೋದು, ಅದಕ್ಕೇ ಆ ಗಟ್ಟಿತನ, ನಮ್ಮ ಫಿಲ್ಟರ್ ಪುಡೀಲೂ ರೋಬಸ್ಟಾ ಸೇರ್ತದೆ, ಅದಕ್ಕೇ ನಮಗೆ ಅದು ಪರಕೀಯ ಅನ್ನಿಸಲ್ಲ. ನಾವು ಚಿಕೋರಿ ಹಾಕ್ತೀವಿ, ಅವ್ರು ಸಕ್ಕರೆ ಹಾಕಿ ಹುರೀತಾರೆ.

ಹೋದ ವರ್ಷ ನಾವು ಬೆಳೆಗಾರರು ಆರು ಜನ ವಿಯೆಟ್ನಾಂಗೆ ಹೋಗಿದ್ವಿ. ರೋಬಸ್ಟಾದಲ್ಲಿ ಪ್ರಪಂಚಕ್ಕೇ ಮೊದಲನೇ ಸ್ಥಾನ ಅವರದ್ದು, ಹೇಗೆ ಬೆಳೀತಾರೆ ನೋಡೋಣ ಅಂತ. ಹನೋಯ್‌ನಲ್ಲಿ ಹೋಟೆಲ್ ಚೆನ್ನಾಗೇ ಇತ್ತು, ಬೆಳಿಗ್ಗೆ ಬಫೆಯಲ್ಲಿ ಹತ್ತು ಥರ ಜ್ಯೂಸ್ ಇಟ್ಟಿದ್ರು, ಕಾಫಿ ಮಾತ್ರ ಗುಂಡಿ ಒತ್ತೋ ಮೆಷಿನ್ದು. ಕಾಫಿ ಬೆಳೆಯೋ ದೇಶದಲ್ಲಿ ಈ ನೀರು ಕುಡೀಬೇಕಾ ಅಂತ ನಮ್ಮ ಹಿರಿಯರೊಬ್ರು ಎದ್ದು ರಸ್ತೆಗೆ ನಡೆದ್ರು, ನಾವೆಲ್ಲ ಹಿಂದೆ. ಫುಟ್‌ಪಾತ್ ಮೇಲೆ ಮಣೆಯಷ್ಟು ಎತ್ತರದ ಪ್ಲಾಸ್ಟಿಕ್ ಸ್ಟೂಲು, ಒಬ್ಬ ಅಜ್ಜಿ ಗಾಜಿನ ಲೋಟದ ಮೇಲೆ ಸಣ್ಣ ಅಲ್ಯುಮಿನಿಯಂ ಫಿಲ್ಟರ್ ಇಟ್ಟು ಕೊಟ್ರು, ಅದಕ್ಕೆ ಫಿನ್ ಅಂತಾರೆ. ನಮ್ಮ ಫಿಲ್ಟರಿನ ಮೇಲಿನ ಅರ್ಧ ಮಾತ್ರ ಇಟ್ಟ ಹಾಗೆ. ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಕೆಳಗಿರೋ ಕಂಡೆನ್ಸ್ಡ್ ಹಾಲಿನ ಮೇಲೆ ಬೀಳ್ತದೆ, ಐದು ನಿಮಿಷ ಬೇಕು, ಯಾರಿಗೂ ಅವಸರ ಇಲ್ಲ. ಫ್ರೆಂಚರ ಕಾಲದಲ್ಲಿ ತಾಜಾ ಹಾಲು ಸಿಗೋದು ಕಷ್ಟ ಇತ್ತು, ಅದಕ್ಕೇ ಡಬ್ಬಿ ಹಾಲು ರೂಢಿಯಾಯ್ತಂತೆ. ಮೊಟ್ಟೆ ಕಾಫಿನೂ ಅಲ್ಲಿಯದೇ, 1946ರಲ್ಲಿ ಹನೋಯ್‌ನ ಮೆಟ್ರೋಪೋಲ್ ಹೋಟೆಲಲ್ಲಿ ಕೆಲಸಕ್ಕಿದ್ದ ನ್ಯುಯೆನ್ ವಾನ್ ಜಾಂಗ್ ಅನ್ನೋರು ಹಾಲಿನ ಬರ ಇದ್ದಾಗ ಹಳದಿ ಭಾಗ ಸಕ್ಕರೆ ಜೊತೆ ನೊರೆ ಬರೋ ಹಾಗೆ ಕಡೆದು ಕಾಫಿ ಮೇಲೆ ಹಾಕಿದ್ರಂತೆ, ಅವರ ಹೆಸರಿನ ಕೆಫೆ ಈಗ್ಲೂ ಇದೆ. ಮೊಟ್ಟೆ ವಾಸನೆ ಸ್ವಲ್ಪವೂ ಬರಲ್ಲ, ಬಿಸಿ ಬಿಸಿ ಕುಡೀಬೇಕು, ಆರಿದ್ರೆ ಚೆನ್ನಾಗಿರಲ್ಲ.

ಸಂಜೆ ಮೇಲೆ ಕುಡಿಯೋರಿಗೆ ಬಿಯಾ ಹೋಯ್ ಅಂತ ಅವತ್ತಿಂದವತ್ತೇ ಬರೋ ತೆಳು ಬಿಯರ್ ಇದೆ, ಪೀಪಾಯಿಂದ ಲೋಟಕ್ಕೆ ಬಿಡ್ತಾರೆ, ಮರುದಿನಕ್ಕೆ ಉಳಿಸಲ್ಲ. ನಾನು ಕುಡಿಯಲ್ಲ, ಕಬ್ಬಿನ ಹಾಲು ಕುಡಿದೆ, ಅದಕ್ಕೆ ಪುಟ್ಟ ಕಿತ್ತಳೆ ಥರದ ಹಣ್ಣು ಸೇರ್ಸಿ ಅರೀತಾರೆ, ನಮ್ಮ ನಿಂಬೆ ಶುಂಠಿಗಿಂತ ಬೇರೇನೇ ಘಮ.

ಬಸವನಗುಡಿ_ಪಯಣಿಗ:
ಈ ತಲೆನೋವಿನ ಅಪ್ಪಂದಿರ ಕಷ್ಟ ನನಗೂ ಗೊತ್ತು. ಅದಕ್ಕೆ ನಾನು ಎಲ್ಲಿ ಹೋದ್ರೂ ಒಂದು ಸಣ್ಣ ಸ್ಟೀಲ್ ಫಿಲ್ಟರ್, ಕಾಲು ಕೆಜಿ ಪುಡಿ ಇಟ್ಕೊಂಡಿರ್ತೀನಿ. ಹೋಟೆಲ್ ರೂಮಲ್ಲಿ ಕೆಟಲ್ ಇರತ್ತೆ, ಹಾಲು ಕೆಳಗಿನ ಅಂಗಡೀಲಿ ಸಿಗತ್ತೆ. @ಸರಸ್ವತಿಪುರಂ ಒಂದು ಎಚ್ಚರಿಕೆ, ಆಸ್ಟ್ರೇಲಿಯಾದಲ್ಲಿ ಇಳಿದಾಗ ತಿನ್ನೋ ಪದಾರ್ಥ ಏನೇ ಇದ್ರೂ ಕಾರ್ಡಲ್ಲಿ ಡಿಕ್ಲೇರ್ ಮಾಡಿ. ಹುರಿದು ಪುಡಿ ಮಾಡಿದ ಕಾಫಿಗೆ ತೊಂದ್ರೆ ಇಲ್ಲ, ಆದ್ರೆ ಬಾಣಂತಿಗೆ ಅಂತ ಅಮ್ಮ ಹಸಿ ಕರಿಬೇವು, ಮೊಳಕೆ ಬರೋ ಕಾಳು, ತುಪ್ಪ ಅಂತೆಲ್ಲ ಕಟ್ಕೊಂಡಿರ್ತಾರೆ. ಕರಿಬೇವು ಬಿಡೋದೇ ಇಲ್ಲ. ಹೇಳದೆ ಬಚ್ಚಿಟ್ಟು ಸಿಕ್ಕಿಬಿದ್ರೆ ದೊಡ್ಡ ದಂಡ, ಹೇಳಿದ್ರೆ ಜಾಸ್ತಿ ಅಂದ್ರೆ ಆ ವಸ್ತು ತೆಗೆದಿಟ್ಕೋತಾರೆ ಅಷ್ಟೇ.

ಸರಸ್ವತಿಪುರಂ:
ಅಯ್ಯೋ ಸರಿಯಾದ ಸಮಯಕ್ಕೆ ಹೇಳಿದ್ರಿ. ಅಮ್ಮ ಆಗಲೇ ಅಳಲೆಕಾಯಿ, ಬಜೆ, ಕರಿಬೇವು, ಅಂಟಿನುಂಡೆ ಎಲ್ಲ ಲಿಸ್ಟ್ ಮಾಡಿದಾರೆ. ಕೂತು ಒಂದೊಂದೇ ನೋಡ್ತೀವಿ.

ಸುರತ್ಕಲ್_ಟು_ದೋಹಾ:
ಟೀ ವಿಷಯ ಯಾರೂ ಹೆಚ್ಚು ಬರೀಲಿಲ್ಲ ಅಂತ ನಾನೇ ಬರೀತೇನೆ. ದೋಹಾದಲ್ಲಿ ಲೇಓವರ್ ಇದ್ದವರು ಆ ದೊಡ್ಡ ಹಳದಿ ಕರಡಿ ಪ್ರತಿಮೆ ಹತ್ರ ಫೋಟೋ ತೆಗ್ದು ಗೇಟಿಗೆ ಹೋಗ್ತಾರೆ. ಏರ್‌ಪೋರ್ಟ್ ಒಳಗೆ ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ ಕ್ವೈಟ್ ರೂಮ್ ಉಂಟು, ಫ್ರೀ, ಅದು ಬೇಕಾದವರು ನೋಡಿಕೊಳ್ಳಿ. ಆದ್ರೆ ಏಳೆಂಟು ಗಂಟೆ ಇದ್ದು ಹೊರಗೆ ಹೋಗ್ಲಿಕ್ಕೆ ವೀಸಾ ಸರಿ ಇದ್ರೆ ಮೆಟ್ರೋ ಹಿಡೀರಿ, ಏರ್‌ಪೋರ್ಟಿಂದಲೇ ರೆಡ್ ಲೈನ್, ಮುಶೈರಬ್‌ನಲ್ಲಿ ಬದಲಿಸಿ ಗೋಲ್ಡ್ ಲೈನಲ್ಲಿ ಸೂಕ್ ವಾಕಿಫ್. ಟಿಕೆಟ್ 2 ರಿಯಾಲ್. ಶುಕ್ರವಾರ ಬೆಳಿಗ್ಗೆ ಮೆಟ್ರೋ ತಡವಾಗಿ ಶುರು, ನೆನಪಿರಲಿ. ಅಲ್ಲಿ ಕರಕ್ ಕುಡೀರಿ. ನಮ್ಮ ಕಡಕ್ ಚಾವೇ ಅರಬರ ಬಾಯಲ್ಲಿ ಕರಕ್ ಆದದ್ದು, ಇಂಡಿಯಾ ಪಾಕಿಸ್ತಾನದಿಂದ ದುಡೀಲಿಕ್ಕೆ ಬಂದವರು ತಂದ ಚಾ ಅದು, ಈಗ ಅಲ್ಲಿಯವರೇ ದೊಡ್ಡ ದೊಡ್ಡ ಕಾರಲ್ಲಿ ಬಂದು ಹಾರ್ನ್ ಹೊಡೆದು ತರಿಸಿ ಕುಡೀತಾರೆ. ಏಲಕ್ಕಿ, ಡಬ್ಬಿ ಹಾಲು, ಚೆನ್ನಾಗಿ ಕುದ್ದು ಕೆಂಪಗೆ ಆಗಿರ್ತದೆ. ನಮ್ಮ ಜನರ ಬೆವರಿನ ಚಾ ಅದು, ನನಗೆ ಅದ್ರ ಮೇಲೆ ಅಭಿಮಾನ.

ಅರಬರ ಸ್ವಂತದ್ದು ಗಹ್ವಾ, ಅವರ ಕಾಫಿ. ತೆಳು ಹಳದಿ ಬಣ್ಣ, ಹಾಲಿಲ್ಲ ಸಕ್ಕರೆ ಇಲ್ಲ, ಏಲಕ್ಕಿ ಕೇಸರಿ, ಜೊತೆಗೆ ಖರ್ಜೂರ. ಕಿವಿ ಇಲ್ಲದ ಪುಟ್ಟ ಕಪ್ಪಲ್ಲಿ ಕೊಡ್ತಾರೆ, ಬಲಗೈಯಲ್ಲೇ ತಗೊಳ್ಬೇಕು. ಖಾಲಿ ಮಾಡಿ ಸುಮ್ಮನೆ ಕೊಟ್ರೆ ಮತ್ತೆ ತುಂಬಿಸ್ತಾರೆ, ಸಾಕು ಅನ್ಲಿಕ್ಕೆ ಕಪ್ಪನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಅಲ್ಲಾಡಿಸ್ಬೇಕು. ಇದು ಗೊತ್ತಿಲ್ಲದೆ ನಮ್ಮ ಊರಿನ ಒಬ್ರು ಮರ್ಯಾದೆಗೆ ಆರು ಕಪ್ ಕುಡಿದಿದ್ರು.

ಬಸವನಗುಡಿ_ಪಯಣಿಗ:
ಜಪಾನ್ ಬಗ್ಗೆ ಸ್ವಲ್ಪ, ಸಸ್ಯಾಹಾರಿಗಳಿಗೆ ಮುಖ್ಯ ಅಂತ. ಅಲ್ಲಿನ ಒಂದು ಏರ್‌ಲೈನ್ ಲೌಂಜ್ ಕರಿಗೆ ತುಂಬಾ ಹೆಸರುವಾಸಿ, ಅನ್ನದ ಮೇಲೆ ಹಾಕ್ಕೊಳ್ಳೋ ಕಂದು ಬಣ್ಣದ್ದು, ನೋಡಿದ್ರೆ ನಮ್ಮ ಗೊಜ್ಜಿನ ಹಾಗೇ ಕಾಣತ್ತೆ, ಅದು ಬೀಫ್. ಬೋರ್ಡ್ ಓದಿ. ಸೂಪುಗಳಲ್ಲಿ ಮೀನಿನ ಸಾರ ಇರತ್ತೆ, ಕಣ್ಣಿಗೆ ಕಾಣಲ್ಲ. ಕುಡಿಯೋಕೆ ಮುಗಿಚಾ ಹುಡುಕಿ, ಬಾರ್ಲಿ ಹುರಿದು ಕಾಯಿಸಿದ ನೀರು, ಕೆಫೀನ್ ಇಲ್ಲ, ರಾತ್ರಿನೂ ಕುಡೀಬೋದು, ಬೇಸಿಗೇಲಿ ಮನೆಮನೇಲೂ ಇರತ್ತೆ. ರಸ್ತೆ ಪಕ್ಕದ ಮೆಷಿನ್‌ನಲ್ಲಿ ಕೆಂಪು ಪಟ್ಟಿ ಇದ್ರೆ ಬಿಸಿ, ನೀಲಿ ಇದ್ರೆ ತಣ್ಣಗೆ, ಭಾಷೆ ಬರ್ದೇ ಇದ್ರೂ ಇಷ್ಟು ಸಾಕು. ಚಳೀಲಿ ಬಿಸಿ ಕಾಫಿ ಡಬ್ಬಿ ಜೇಬಲ್ಲಿಟ್ಕೊಂಡು ನಡೆದ್ರೆ ಕೈಯೂ ಬೆಚ್ಚಗಿರತ್ತೆ.

ಹೋಟೆಲ್‌ಗಳಲ್ಲಿ ಚೆಕ್ ಇನ್ ಮಧ್ಯಾಹ್ನ 3ಕ್ಕೇನೇ, ಎರಡು ಐವತ್ತಕ್ಕೆ ಹೋದ್ರೂ ಹತ್ತು ನಿಮಿಷ ಕೂರಿಸ್ತಾರೆ, ಆದ್ರೆ ಬ್ಯಾಗ್ ಮಾತ್ರ ಬೆಳಿಗ್ಗೆನೇ ಇಟ್ಕೊಳ್ತಾರೆ. ಕ್ಯಾಪ್ಸೂಲ್ ಹೋಟೆಲ್ ಶುರುವಾಗಿದ್ದು 1979ರಲ್ಲಿ ಒಸಾಕಾದಲ್ಲಿ, ಈಗ ನರಿತಾ ಏರ್‌ಪೋರ್ಟ್ ಟರ್ಮಿನಲ್ 2ರ ಪಕ್ಕದಲ್ಲೇ ಒಂದಿದೆ. ನನಗೆ ಚೆನ್ನಾಗಿ ನಿದ್ದೆ ಬಂತು. ವಯಸ್ಸಾದೋರಿಗೆ ಬೇಡ, ಗೂಡಿನೊಳಗೆ ಬಗ್ಗಿ ತೆವಳಿ ಹೋಗ್ಬೇಕು, ಟಾಯ್ಲೆಟ್ ದೂರ.

ಗೋಕುಲರೋಡ್_ಹುಬ್ಬಳ್ಳಿ:
ಚೆಕ್ ಇನ್ ಮಾತ ಬಂತಂತ ಹೇಳ್ತೀನಿ. ನಾವು ಯುರೋಪಿನ್ಯಾಗ ಒಂದ ಊರಿಗೆ ನಸುಕಿನ್ಯಾಗ 5ಕ್ಕ ಮುಟ್ಟಿದ್ವಿ, ಹೋಟೆಲ್ ಆ ದಿನಕ್ಕ ಬುಕ್ ಇತ್ತು. ಕೌಂಟರಿನ್ಯಾಗಿದ್ದವ ರೂಮ್ ಮಧ್ಯಾಹ್ನ ಅಂದ. ನನ್ನ ಹೆಂಡ್ತಿ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡ ಲಾಬಿಯೊಳಗ ಒಂಬತ್ತ ತಾಸ ಕುಂತಳು. ತಪ್ಪ ಅವಂದಲ್ಲ, ನಸುಕಿನ್ಯಾಗ ಮುಟ್ಟೂದಿದ್ರ ಹಿಂದಿನ ರಾತ್ರಿಯಿಂದನ ಬುಕ್ ಮಾಡಿ, "ನಾವು ಬೆಳಗಿನ ಜಾವ ಬರ್ತೀವಿ, ರೂಮ್ ಕ್ಯಾನ್ಸಲ್ ಮಾಡಬ್ಯಾಡ್ರಿ" ಅಂತ ಮೇಲ್ ಹಾಕಬೇಕಂತ. ಅವತ್ತಿನಿಂದ ನಾ ಹಂಗ ಮಾಡ್ತೀನಿ.

ಕೊಪ್ಪದ_ತೋಟ:
ಕಾಫಿ ಅಂದ್ಮೇಲೆ ಇಥಿಯೋಪಿಯಾ ಬಿಟ್ರೆ ಹೇಗೆ? ಆಫ್ರಿಕಾಕ್ಕೆ ಹೋಗೋರು ಎಷ್ಟೋ ಜನ ಅಲ್ಲಿನ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸ್ತಾರೆ. ಅವರ ಏರ್‌ಲೈನಲ್ಲಿ ಹೋಗಿ, ಅದಕ್ಕಿಂತ ಬೇಗದ ಕನೆಕ್ಷನ್ ಇಲ್ಲದೆ 8 ಗಂಟೆ ಮೇಲೆ ಕಾಯೋ ಹಾಗಾದ್ರೆ ಹೋಟೆಲ್ ಅವರೇ ಕೊಡ್ತಾರೆ, ಟಿಕೆಟ್ ಮಾಡೋವಾಗಲೇ ಕೇಳಿ ಬರೆಸ್ಕೊಳ್ಳಿ. ನನಗೆ ಕೊಟ್ಟ ಹೋಟೆಲ್ ಸಾಧಾರಣ, ಬಿಸಿನೀರು ಹೋಗಿ ಬರ್ತಿತ್ತು. ಆದ್ರೆ ಕೆಳಗೆ ಬಾಗಿಲ ಪಕ್ಕ ಹಸಿ ಹುಲ್ಲು ಹರಡಿ ಒಬ್ಬ ಹೆಣ್ಣುಮಗಳು ಕೂತಿದ್ಲು, ಹಸಿರು ಕಾಫಿ ಬೀಜ ತೊಳೆದು ನಮ್ಮ ಕಣ್ಣೆದುರಿಗೇ ಬಾಣಲೇಲಿ ಹುರಿದ್ಲು. ಹುರಿದ ಮೇಲೆ ಆ ಬಾಣಲೆ ಹಿಡ್ಕೊಂಡು ಪ್ರತಿಯೊಬ್ಬರ ಮುಂದೂ ಬಂದು ಹೊಗೆ ತೋರಿಸಿದ್ಲು, ನಾವು ಕೈಯಿಂದ ಆ ಹೊಗೇನ ಮುಖಕ್ಕೆ ಎಳ್ಕೊಳ್ಬೇಕು, ಮಂಗಳಾರತಿ ತಗೊಂಡ ಹಾಗೆ. ಆಮೇಲೆ ಕುಟ್ಟಿ, ಜೆಬೆನಾ ಅನ್ನೋ ಮಣ್ಣಿನ ಹೂಜಿಯಲ್ಲಿ ಕುದಿಸಿ, ಎತ್ತರದಿಂದ ಪುಟ್ಟ ಬಟ್ಟಲಿಗೆ. ಮೂರು ಸುತ್ತು, ಅಬೋಲ್, ತೋನಾ, ಬರಕಾ. ಮೂರನೇದು ಆಶೀರ್ವಾದದ್ದು, ಅದಕ್ಕೆ ಮುಂಚೆ ಏಳೋದು ಸರಿಯಲ್ಲ ಅಂತಾರೆ. ಜೊತೆಗೆ ಪಾಪ್‌ಕಾರ್ನ್.

ನಾನು 30 ವರ್ಷದಿಂದ ಕಾಫಿ ಬೆಳೀತಿದೀನಿ, ಹಣ್ಣು ಕೊಯ್ದು ಪಲ್ಪ್ ಮಾಡಿ ಒಣಗಿಸಿ ಕ್ಯೂರಿಂಗಿಗೆ ಕಳ್ಸಿದ್ರೆ ನಮ್ಮ ಕೆಲ್ಸ ಮುಗೀತು. ಬೀಜದಿಂದ ಬಟ್ಟಲ ತನಕ ಒಂದೇ ಕೂತಲ್ಲಿ ನೋಡಿದ್ದು ಅವತ್ತೇ ಮೊದಲು, ಕಣ್ಣು ತುಂಬಿ ಬಂತು. ಇಥಿಯೋಪಿಯಾದಿಂದ ಯೆಮೆನ್‌ಗೆ ಹೋಗಿ, ಯೆಮೆನ್‌ನ ಮೋಕಾದಿಂದ ಬಾಬಾ ಬುಡನ್ ಏಳು ಬೀಜ ತಂದು ನಮ್ಮ ಚಂದ್ರದ್ರೋಣ ಗಿರೀಲಿ ಬಿತ್ತಿದ್ರು ಅನ್ನೋ ಕಥೆ ಕೇಳಿ ಬೆಳೆದೋರು ನಾವು. ಆ ಬೀಜದ ತವರುಮನೆ ಅಂಗಳದಲ್ಲಿ ಕೂತು ಕುಡಿದ ಹಾಗಾಯ್ತು.

ಸಸ್ಯಾಹಾರಿಗಳು ಅಲ್ಲಿ ಹೆದರಬೇಕಿಲ್ಲ. ಅವರ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರ ಉಪವಾಸ ಅಂತ ಮಾಂಸ, ಹಾಲು, ಬೆಣ್ಣೆ ಏನೂ ಮುಟ್ಟಲ್ಲ, ಆ ದಿನ "ಯೆತ್ಸೋಮ್ ಬೆಯಾಯ್ನೆತು" ಅಂದ್ರೆ ಹುಳಿ ಬಂದ ದೊಡ್ಡ ದೋಸೆ ಥರದ ಇಂಜೆರಾ ಮೇಲೆ ಬೇಳೆ, ಪಲ್ಯ ಹತ್ತು ಥರ ಬಡಿಸ್ತಾರೆ.

ಜಯನಗರ_4ನೇ_ಬ್ಲಾಕ್:
ತಡವಾಗಿ ಬಂದೆ. ಇಸ್ತಾಂಬುಲ್ ಸೇರಿಸ್ತೀನಿ. ಅಲ್ಲಿ ಟರ್ಕಿ ಕಾಫಿ ಕೇಳೋವಾಗಲೇ ಸಕ್ಕರೆ ಎಷ್ಟು ಅಂತ ಹೇಳ್ಬಿಡ್ಬೇಕು, ಯಾಕಂದ್ರೆ ಪುಡಿ ಸಕ್ಕರೆ ನೀರು ಒಟ್ಟಿಗೇ ಕುದಿಸ್ತಾರೆ. ಸಾದೆ ಅಂದ್ರೆ ಇಲ್ಲ, ಓರ್ತಾ ಅಂದ್ರೆ ಮಧ್ಯಮ, ಶೆಕೆರ್ಲಿ ಅಂದ್ರೆ ಸಿಹಿ. ನಮ್ಮ ಸಾದಾ, ಸಕ್ಕರೆ ಎರಡೂ ಅಲ್ಲೇ ಇವೆ ನೋಡಿ. ತಳದ ಗಸಿ ಕುಡೀಬಾರ್ದು. ಆದ್ರೆ ಆ ಊರು ದಿನವಿಡೀ ಕುಡಿಯೋದು ಟೀ, ಸೊಂಟ ಸಣ್ಣ ಇರೋ ಗಾಜಿನ ಲೋಟದಲ್ಲಿ. ಚಳಿಗಾಲದಲ್ಲಿ ಹೋದ್ರೆ ವೆಫಾ ಅನ್ನೋ ಬಡಾವಣೇಲಿ 1876ರಿಂದ ಇರೋ ಅಂಗಡೀಲಿ ಬೋಝಾ ಕುಡೀರಿ, ಧಾನ್ಯ ಹುಳಿ ಬರಿಸಿ ಮಾಡಿದ್ದು, ಅಂಬಲಿ ಥರ ಮಂದ, ಮೇಲೆ ದಾಲ್ಚಿನ್ನಿ ಪುಡಿ, ಹುರಿದ ಕಡಲೆ. ನಮ್ಮ ಅಜ್ಜಿ ಮಾಡ್ತಿದ್ದ ಹುಳಿ ಅಂಬಲಿ ನೆನಪಾಯ್ತು, ಇದು ಸ್ವಲ್ಪ ಸಿಹಿ. ಮಜ್ಜಿಗೆ ಪ್ರಿಯರಿಗೆ ಐರಾನ್ ಎಲ್ಲ ಕಡೆ ಸಿಗತ್ತೆ, ಉಪ್ಪು ಮಾತ್ರ ಹಾಕಿರ್ತಾರೆ, ಒಗ್ಗರಣೆ ಇಂಗು ಇಲ್ಲ.

ಸೆಂಗ್‌ಕಾಂಗ್_ಅಕ್ಕ:
@ಸರಸ್ವತಿಪುರಂ ಮರೆತಿದ್ದೆ, ಎರಡು ವಿಷಯ. ಒಂದು, ಅಮ್ಮಂಗೆ ವೀಲ್‌ಚೇರ್ ಈಗಲೇ ಏರ್‌ಲೈನಿಗೆ ಹೇಳಿ ಬರೆಸಿ. ನಡೀತೀನಿ ಅಂತಾರೆ, ಒಪ್ಪಬೇಡಿ, ಇಲ್ಲಿ ದೂರ ಜಾಸ್ತಿ. ಎರಡು, ಟರ್ಮಿನಲ್ 1, 2, 3ರಲ್ಲಿ ಸೆಕ್ಯುರಿಟಿ ಚೆಕ್ ಗೇಟ್ ಹತ್ರಾನೇ, ಅಲ್ಲಿ ನೀರಿನ ಬಾಟಲಿ ಖಾಲಿ ಮಾಡಿಸ್ತಾರೆ. ನಲ್ಲಿ ನೀರು ಧಾರಾಳವಾಗಿ ಕುಡೀಬೋದು. ಬರೋವಾಗ ಏನಾದ್ರೂ ಹೊರಗೆ ಬರೋ ಹಾಗಾದ್ರೆ ಸೆರಂಗೂನ್ ರೋಡಲ್ಲಿ ಪೆರುಮಾಳ್ ದೇವಸ್ಥಾನದ ಎದುರು ನಮ್ಮ ಎಂಟಿಆರ್ ಇದೆ, 2013ರಿಂದ, ಅಪ್ಪಂಗೆ ನಮ್ಮ ಫಿಲ್ಟರ್ ಕಾಫಿನೇ ಸಿಗತ್ತೆ.

ಸರಸ್ವತಿಪುರಂ:
ಮೆಲ್ಬರ್ನಿಂದ ಬರೀತಿದೀನಿ, ಬಂದು ಐದು ದಿನ ಆಯ್ತು, ಮಗು ಮಲಗಿದೆ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ.

ವೀಲ್‌ಚೇರ್ ಹುಡುಗ ನೇರ ಟ್ರಾನ್ಸಿಟ್ ಹೋಟೆಲ್ ಬಾಗಿಲಿಗೇ ತಂದು ಬಿಟ್ಟ. ರೂಮು ಚಿಕ್ಕದು, ಕಿಟಕಿ ಇಲ್ಲ, ಆದ್ರೆ ಹಾಸಿಗೆ ಗಟ್ಟಿಯಾಗಿ ಚೆನ್ನಾಗಿತ್ತು. ಅಮ್ಮ ಬಿಸಿನೀರು ಕಾಲಿಗೆ ಹಾಕ್ಕೊಂಡು ಮಲಗಿದೋರು ನಾಲ್ಕು ಗಂಟೆ ಅಲ್ಲಾಡಲಿಲ್ಲ. ಮೆಲ್ಬರ್ನಲ್ಲಿ ಇಳಿದಾಗ ಅವರೇ ಎದ್ದು ನಡೆದು ಹೊರಗೆ ಬಂದು ಮಗೂನ ಎತ್ಕೊಂಡ್ರು. ಅಳಲೆಕಾಯಿ ಬಜೆ ಎಲ್ಲ ಡಿಕ್ಲೇರ್ ಮಾಡಿದ್ವಿ, ಬ್ಯಾಗ್ ತೆಗೆದು ನೋಡಿದ್ರು, ಪ್ರಶ್ನೆ ಕೇಳಿದ್ರು, ಮರ್ಯಾದೆಯಿಂದ ಮಾತಾಡಿದ್ರು.

ಅಪ್ಪ ಮಲಗಲಿಲ್ಲ. ನಾವಿಬ್ರೂ ಕೋಪಿ ಅಂಗಡಿ ಹುಡುಕ್ಕೊಂಡು ಹೋದ್ವಿ. ನಾನು ಚೀಟಿ ತೆಗೆಯೋ ಅಷ್ಟರಲ್ಲಿ ಅಪ್ಪಾನೇ ಮುಂದೆ ಹೋಗಿ "ಕೋಪಿ ಸಿ ಗಾವ್ ಸಿಯು ದಾಯ್" ಅಂದ್ರು, ವಿಮಾನದಲ್ಲಿ ಬಾಯಿಪಾಠ ಮಾಡ್ಕೊಂಡಿದ್ರಂತೆ. ಅಂಗಡಿ ಹೆಂಗಸು ತಲೆ ಎತ್ತಿ ನೋಡಿ ನಕ್ಕು ಏನೋ ಅವರ ಭಾಷೇಲಿ ಕೇಳಿದ್ಲು, ಅಪ್ಪ ಅದಕ್ಕೂ ಹೂಂ ಅಂದ್ರು. ದಪ್ಪ ಪಿಂಗಾಣಿ ಕಪ್ಪು, ಸಾಸರು, ಬಣ್ಣ ನಮ್ಮ ಕಾಫಿಗಿಂತ ಕಪ್ಪು. ಒಂದು ಗುಟುಕು ಕುಡಿದು ಸುಮ್ನಾದ್ರು. ನನಗೆ ಇಷ್ಟ ಆಗ್ಲಿಲ್ವೇನೋ ಅಂತ ಭಯ ಆಯ್ತು. ಆಮೇಲೆ ಹೇಳಿದ್ರು, ಚಿಕ್ಕೋರಿದ್ದಾಗ ಹುಣಸೂರಿನ ಹತ್ರ ಅವರ ಅಜ್ಜಿ ಮನೇಲಿ ಸಕ್ಕರೆ ಇರ್ತಿರ್ಲಿಲ್ಲ, ಬೆಲ್ಲದ ಕಾಫಿನೇ, ಸೌದೆ ಒಲೆ ಮೇಲೆ ಕುದ್ದು ಕುದ್ದು ತಳ ಸ್ವಲ್ಪ ಸೀದಿರ್ತಿತ್ತು, ಇದು ಅದೇ ರುಚಿ ಅಂತ. ಅರವತ್ತು ವರ್ಷ ಆಯ್ತು ಆ ರುಚಿ ನೋಡಿ ಅಂದ್ರು. ಆ ಅಜ್ಜಿ ಬಗ್ಗೆ ನಾನು ಅದುವರೆಗೂ ಕೇಳಿರ್ಲಿಲ್ಲ, ಅವರ ಹೆಸರೂ ನನಗೆ ಗೊತ್ತಿರ್ಲಿಲ್ಲ, ಮುಕ್ಕಾಲು ಗಂಟೆ ಅಲ್ಲೇ ಕೂತು ಹೇಳಿದ್ರು. ಇನ್ನೊಂದು ಕಪ್ ತರ್ಸಿದ್ವಿ.

ಸುರತ್ಕಲ್_ಟು_ದೋಹಾ:
ಅಮ್ಮ ನಡೆದು ಹೊರಗೆ ಬಂದ್ರು ಅಂತ ಓದಿ ನನಗೆ ಎಷ್ಟು ಸಮಾಧಾನ ಆಯ್ತು ಹೇಳ್ಲಿಕ್ಕಾಗೋದಿಲ್ಲ. ವಾಪಸ್ ಬರುವಾಗಲೂ ರೂಮ್ ಉಂಟಲ್ಲ?

ಸರಸ್ವತಿಪುರಂ:
ಬರೋವಾಗ ಮೂರು ಗಂಟೆ ಮಾತ್ರ ಅಣ್ಣ, ಅದಕ್ಕೆ ಲೌಂಜೇ ಸಾಕು ಅಂತ ಅಪ್ಪ ಅಮ್ಮ ಇಬ್ರಿಗೂ ಆಡ್ ಆನ್ ಕಾರ್ಡ್ ಹಾಕಿದೀನಿ, ಲೌಂಜ್ ಆ ಕಾರ್ಡಿಗೂ ಇದೆಯಾ ಅಂತ ಬ್ಯಾಂಕಿಗೆ ಕೇಳಿ ಬರೆಸ್ಕೊಂಡಿದೀನಿ. ಅಮ್ಮ ಲೌಂಜಲ್ಲಿ ಕಾಲು ಚಾಚ್ಕೊಂಡು ಕೂತಿರ್ತಾರೆ. ಅಪ್ಪ ಈಗಲೇ ಹೇಳಿಟ್ಟಿದಾರೆ, ಇಳಿದ ತಕ್ಷಣ ಮೊದಲು ಆ ಅಂಗಡಿ ಅಂತ.